ಫ್ಯಾಷನ್ ಡಿಸೈನ್ ಕಾಲೇಜು: ಮೊದಲು ಡಿಗ್ರಿ ಯಾರದ್ದು ಕೇಳಿ, ಆಮೇಲೆ ಕಟ್ಟಡ ನೋಡಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಲ್ಲೇ ಮಂಗಳೂರು, ಉಡುಪಿಯ ಮನೆಗಳಲ್ಲಿ ಹುಡುಕಾಟ ಶುರುವಾಗುತ್ತದೆ. ಪೇಟೆಯಲ್ಲಿ ಫ್ಲೆಕ್ಸ್ ನೋಡಿದ ಇನ್‌ಸ್ಟಿಟ್ಯೂಟಿಗೆ ಅಪ್ಪ, ಅಮ್ಮ, ಮಗಳು ಹೋಗುತ್ತಾರೆ. ಎಸಿ ರೂಮಿನಲ್ಲಿ ಕೂರಿಸಿ ಕಳೆದ ವರ್ಷದ ಫ್ಯಾಷನ್ ಶೋ ವಿಡಿಯೊ ತೋರಿಸುತ್ತಾರೆ, "ಇನ್ನು ನಾಲ್ಕೇ ಸೀಟು ಇರೋದು" ಅನ್ನುತ್ತಾರೆ. ಮುಂಗಡ ಕಟ್ಟಿ ಬಂದ ಮೇಲೆ, ಡಿಗ್ರಿ ಯಾವ ಯೂನಿವರ್ಸಿಟಿಯದ್ದು ಅನ್ನುವ ಪ್ರಶ್ನೆ ಏಳುತ್ತದೆ. ಅಷ್ಟರಲ್ಲಿ ಕೇಂದ್ರ ಸರ್ಕಾರದ ಫ್ಯಾಷನ್ ಸಂಸ್ಥೆ ನಿಫ್ಟ್‌ನ ಪ್ರವೇಶ ಪರೀಕ್ಷೆ ಮುಗಿದು ಎರಡು ತಿಂಗಳಾಗಿರುತ್ತದೆ.

ಇಲ್ಲಿ ಸೋಲುವ ಹೆಚ್ಚಿನವರಿಗೆ ಪ್ರತಿಭೆಯ ಕೊರತೆ ಇರುವುದಿಲ್ಲ. ಕೆಲಸದ ಅನುಕ್ರಮ ತಲೆಕೆಳಗಾಗಿರುತ್ತದೆ, ಅಷ್ಟೇ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಶುರುಮಾಡಲು ಸರಿಯಾದ ಸಮಯ ದ್ವಿತೀಯ ಪಿಯುಸಿ ವರ್ಷದ ಕೃಷ್ಣಾಷ್ಟಮಿ ಹೊತ್ತು. ಈಗಾಗಲೇ ಮೇ ತಿಂಗಳಾಗಿದ್ದರೆ ಹಂತ 1 ಮತ್ತು 2 ಮುಗಿಸಿ ನೇರ ಹಂತ 6ಕ್ಕೆ ಹೋಗಿ.

ಹಂತ 1: ಬೇಕಾಗಿರುವುದು ಯಾವ ಕೋರ್ಸು?

"ಫ್ಯಾಷನ್" ಅನ್ನುವ ಒಂದೇ ಬೋರ್ಡಿನ ಕೆಳಗೆ ಹಲವು ಕೆಲಸಗಳಿವೆ. ಉಡುಪಿನ ವಿನ್ಯಾಸ ಫ್ಯಾಷನ್ ಡಿಸೈನ್. ಬಟ್ಟೆಯನ್ನೇ, ಅಂದರೆ ನೇಯ್ಗೆ, ಪ್ರಿಂಟ್, ಬಣ್ಣ ಇವನ್ನು ಕಲಿಯುವುದು ಟೆಕ್ಸ್‌ಟೈಲ್ ಡಿಸೈನ್. ಫ್ಯಾಕ್ಟರಿಯಲ್ಲಿ ಸಾವಿರ ಶರ್ಟು ಸಮಯಕ್ಕೆ ಹೊರಬರುವಂತೆ ನೋಡಿಕೊಳ್ಳುವುದು ಅಪಾರೆಲ್ ಪ್ರೊಡಕ್ಷನ್; ಗಣಿತ ಇಷ್ಟವಿರುವ ಸೈನ್ಸ್ ಮಕ್ಕಳು ಇದನ್ನು ಯೋಚಿಸಬಹುದು. ಫೋಟೊ, ಸ್ಟೈಲಿಂಗ್, ಬರವಣಿಗೆಯ ಕಡೆ ಒಲವಿದ್ದರೆ ಫ್ಯಾಷನ್ ಕಮ್ಯುನಿಕೇಷನ್.

ಇನ್ನೊಂದು ಗುಂಪಿದೆ. ಊರಲ್ಲೇ ಒಂದು ಬೊಟಿಕ್ ಹಾಕಬೇಕು, ಮದುವೆ ಬ್ಲೌಸು, ಆರಿ ವರ್ಕ್ ಮಾಡಬೇಕು ಅನ್ನುವವರು. ಇವರಿಗೆ ನಾಲ್ಕು ವರ್ಷದ ಡಿಗ್ರಿ ಬೇಕೇ ಬೇಕು ಅಂತ ನನಗನ್ನಿಸುವುದಿಲ್ಲ. ಐಟಿಐಯಲ್ಲಿ ಡ್ರೆಸ್ ಮೇಕಿಂಗ್, ಸೀವಿಂಗ್ ಟೆಕ್ನಾಲಜಿ, ಫ್ಯಾಷನ್ ಡಿಸೈನ್ ಎಂಡ್ ಟೆಕ್ನಾಲಜಿ ಅನ್ನುವ ಒಂದು ವರ್ಷದ ಟ್ರೇಡ್‌ಗಳಿವೆ. ಉಜಿರೆ, ಬ್ರಹ್ಮಾವರದ ರುಡ್‌ಸೆಟ್ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಊಟ, ವಸತಿ ಸಹಿತ ಉಚಿತವಾಗಿ ಹೊಲಿಗೆ ತರಬೇತಿ ಕೊಡುತ್ತವೆ. ಲಕ್ಷಗಟ್ಟಲೆ ಫೀಸಿಗೆ ಹೋಗುವ ದುಡ್ಡು ಮಷೀನಿಗೆ, ಅಂಗಡಿಯ ಅಡ್ವಾನ್ಸಿಗೆ ಉಳಿಯುತ್ತದೆ.

ಖಚಿತವಿಲ್ಲದಿದ್ದರೆ ರಜೆಯಲ್ಲಿ ಮನೆ ಹತ್ತಿರದ ಟೈಲರ್ ಅಂಗಡಿಯಲ್ಲಿ ದಿನಕ್ಕೆ ಎರಡು ಗಂಟೆ ಕೂತು ನೋಡಿ. ಹೆಮ್ಮಿಂಗ್ ಮಾಡಿ, ಕಾಜಾ ಹೊಲಿಯಿರಿ, ಬಾಬಿನ್ ಸುತ್ತಿ. ಸ್ಕೆಚ್ ಬಿಡಿಸಲು ಇಷ್ಟ, ಬಟ್ಟೆ ಮುಟ್ಟಿದರೆ ಬೇಜಾರು ಅನ್ನುವವರಿಗೆ ಅದು ಅಲ್ಲೇ ಗೊತ್ತಾಗಿಬಿಡುತ್ತದೆ.

ಹಂತ 2: ಡಿಗ್ರಿ ಕೊಡುವವರು ಯಾರು?

ಜನ ಹೆಚ್ಚು ಪೆಟ್ಟು ತಿನ್ನುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಡಿಗ್ರಿ ಕೊಡುವ ಅಧಿಕಾರ ಇರುವುದು ಮೂರು ಬಗೆಯವರಿಗೆ ಮಾತ್ರ. ಕಾಯ್ದೆಯ ಮೂಲಕ ಸ್ಥಾಪನೆಯಾದ ವಿಶ್ವವಿದ್ಯಾಲಯ, ಕೇಂದ್ರ ಸರ್ಕಾರ ವಿಶ್ವವಿದ್ಯಾಲಯದ ಸ್ಥಾನಮಾನ ಕೊಟ್ಟ ಡೀಮ್ಡ್ ವಿಶ್ವವಿದ್ಯಾಲಯ, ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ. ನಿಫ್ಟ್‌ಗೆ 2006ರ ಕಾಯ್ದೆ, ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಗೆ 2014ರ ಕಾಯ್ದೆ ಈ ಅಧಿಕಾರ ಕೊಟ್ಟಿವೆ. ಮಣಿಪಾಲದ ಮಾಹೆ ಡೀಮ್ಡ್ ವಿಶ್ವವಿದ್ಯಾಲಯ. ಅದರ ಸ್ಕೂಲ್ ಆಫ್ ಆರ್ಕಿಟೆಕ್ಚರ್ ಎಂಡ್ ಪ್ಲಾನಿಂಗ್‌ನಲ್ಲಿ ಫ್ಯಾಷನ್ ಡಿಸೈನ್‌ನ ಬಿ.ಡೆಸ್ (ವಿನ್ಯಾಸದ ಪದವಿ) ಇದೆ. ಉಳಿದಂತೆ ನಮ್ಮ ಎರಡು ಜಿಲ್ಲೆಗಳ ಪದವಿ ಕಾಲೇಜುಗಳು ಸಾಮಾನ್ಯವಾಗಿ ಮಂಗಳೂರು ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿ (ಅಫಿಲಿಯೇಷನ್) ಇರುತ್ತವೆ, ಇಲ್ಲವೇ ಖಾಸಗಿ ಅಥವಾ ಡೀಮ್ಡ್ ವಿಶ್ವವಿದ್ಯಾಲಯದ್ದೇ ಕಾಲೇಜಾಗಿರುತ್ತವೆ.

ಈ ಮೂರರಲ್ಲಿ ಯಾವುದಕ್ಕೂ ಸೇರದ "ಇನ್‌ಸ್ಟಿಟ್ಯೂಟ್" ತನ್ನ ಹೆಸರಲ್ಲಿ ಡಿಪ್ಲೊಮಾ ಸರ್ಟಿಫಿಕೇಟ್ ಕೊಡಬಹುದು, ಡಿಗ್ರಿ ಕೊಡುವಂತಿಲ್ಲ. ಅಲ್ಲಿ ಕೆಲಸ ಚೆನ್ನಾಗಿ ಕಲಿಸಲೂಬಹುದು. ಆದರೆ ಮುಂದೆ ಎಂ.ಡೆಸ್, ಎಂಬಿಎ, ಸರ್ಕಾರಿ ಕೆಲಸ, ವಿದೇಶದ ಓದು ಅಂತ ಹೊರಟಾಗ ಆ ಕಾಗದಕ್ಕೆ ಪದವಿಯ ಬೆಲೆ ಇರುವುದಿಲ್ಲ.

ಫೋನಿನಲ್ಲಿ ಮಾತು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

"ಡಿಗ್ರಿ ಯಾವ ಯೂನಿವರ್ಸಿಟಿಯದ್ದು ಮೇಡಂ?"

"ಯುಜಿಸಿ ಅಪ್ರೂವ್ಡ್ ಸರ್, ಏನೂ ತೊಂದರೆ ಇಲ್ಲ."

"ಅದಲ್ಲ, ಮಾರ್ಕ್ಸ್ ಕಾರ್ಡಿನ ಮೇಲೆ ಯಾರ ಹೆಸರು ಬರುತ್ತದೆ?"

"ನೀವು ಒಮ್ಮೆ ಬನ್ನಿ ಸರ್, ಕೌನ್ಸೆಲರ್ ಎಲ್ಲ ಹೇಳ್ತಾರೆ."

ಎರಡನೇ ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ಬಸ್ ಹತ್ತುವುದೇ ಬೇಡ.

ಕೆಲವು ಕಡೆ ಹೊರರಾಜ್ಯದ ಯಾವುದೋ ಖಾಸಗಿ ವಿಶ್ವವಿದ್ಯಾಲಯದ ಹೆಸರು ಹೇಳುತ್ತಾರೆ. ಪಾಠ ಮಂಗಳೂರಿನಲ್ಲಿ, ಡಿಗ್ರಿ ಉತ್ತರದ ಒಂದು ರಾಜ್ಯದಿಂದ. ಒಂದು ರಾಜ್ಯದ ಕಾಯ್ದೆಯಡಿ ಹುಟ್ಟಿದ ವಿಶ್ವವಿದ್ಯಾಲಯ ಆ ರಾಜ್ಯದ ಗಡಿ ದಾಟಿ ಕೇಂದ್ರ ನಡೆಸುವಂತಿಲ್ಲ ಎಂದು ಯಶ್‌ಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಫ್ರಾಂಚೈಸಿ ಕೊಟ್ಟು ಡಿಗ್ರಿ ನಡೆಸುವುದಕ್ಕೆ ಯುಜಿಸಿಯ ಒಪ್ಪಿಗೆಯೂ ಇಲ್ಲ. "ನಮಗೆ ಟೈ-ಅಪ್ ಇದೆ", "ಅಕಾಡೆಮಿಕ್ ಪಾರ್ಟ್ನರ್" ಅನ್ನುವ ಮಾತು ಬಂದರೆ ಮೈಯೆಲ್ಲ ಕಿವಿಯಾಗಿ ಕೇಳಿ. ರೆಗ್ಯುಲರ್ ಕ್ಲಾಸಿಗೆ ಹೋಗಿ ದೂರಶಿಕ್ಷಣದ ಡಿಗ್ರಿ ಹಿಡಿದು ಹೊರಬಂದ ಮಕ್ಕಳು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ.

ಪರಿಶೀಲನೆಗೆ ಮೂರು ಕೆಲಸ ಮಾಡಿ. ಯುಜಿಸಿ ಜಾಲತಾಣದ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯ ಇದೆಯೇ, ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಇಲ್ಲವೇ ನೋಡಿ. ಕಾಲೇಜಿನಿಂದ ಪ್ರಸಕ್ತ ವರ್ಷದ ಸಂಯೋಜನಾ ಪತ್ರದ ಪ್ರತಿ ಕೇಳಿ. ಅದರಲ್ಲಿ ಕಾಲೇಜಿನ ಹೆಸರಿದ್ದರೆ ಸಾಲದು, ನಿಮ್ಮ ಕೋರ್ಸಿನ ಹೆಸರೂ ಇರಬೇಕು. ಬಿ.ಕಾಂಗೆ ಸಂಯೋಜನೆ ಇದ್ದು ಫ್ಯಾಷನ್ ಕೋರ್ಸಿಗೆ ಇಲ್ಲದ ಕಾಲೇಜು ಇರಲು ಸಾಧ್ಯ. ಮೂರನೆಯದು ನನ್ನ ಮೆಚ್ಚಿನ ಉಪಾಯ. ಶಿಕ್ಷಣ ಸಾಲ ಬೇಕಿರಲಿ ಬೇಡದಿರಲಿ, ನಿಮ್ಮ ಬ್ಯಾಂಕಿನ ಮ್ಯಾನೇಜರ್ ಹತ್ತಿರ ಹೋಗಿ ಈ ಕಾಲೇಜಿನ ಈ ಕೋರ್ಸಿಗೆ ಸಾಲ ಆಗುತ್ತದೆಯೇ ಅಂತ ಕೇಳಿ. ಬ್ಯಾಂಕುಗಳ ತವರೂರಲ್ಲಿ ಇದ್ದೇವೆ, ಇಷ್ಟಾದರೂ ಪ್ರಯೋಜನ ಆಗಲಿ. ಬ್ಯಾಂಕಿನವರು ತಲೆ ಅಲ್ಲಾಡಿಸಿದರೆ ಕಾರಣ ಕೇಳಿಕೊಂಡು ಬನ್ನಿ.

ಅವಧಿಯನ್ನೂ ಗಮನಿಸಿ. ಬಿ.ಡೆಸ್ ನಾಲ್ಕು ವರ್ಷ. ರಾಜ್ಯದ ವಿಶ್ವವಿದ್ಯಾಲಯಗಳ ಬಿ.ಎಸ್ಸಿ ಮಾದರಿಯ ಪದವಿಗಳು 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿವೆ. ಎಸೆಸೆಲ್ಸಿ ಆದವರಿಗೆ ರಾಜ್ಯ ತಾಂತ್ರಿಕ ಶಿಕ್ಷಣ ಇಲಾಖೆಯಡಿ ಅಪಾರೆಲ್ ಡಿಸೈನ್‌ನ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ. ಮಾನ್ಯತೆ ಇರುವ ಇಂಥ ಡಿಪ್ಲೊಮಾ ಮುಗಿಸಿದವರೂ ನಿಫ್ಟ್ ಬಿ.ಡೆಸ್‌ಗೆ ಅರ್ಜಿ ಹಾಕಬಹುದು.

ಹಂತ 3: ಕ್ಯಾಲೆಂಡರ್ ಗೋಡೆಗೆ ಅಂಟಿಸಿ

ಇತ್ತೀಚಿನ ವರ್ಷಗಳಲ್ಲಿ ನಿಫ್ಟ್ ಅರ್ಜಿ ದೀಪಾವಳಿ ಕಳೆದ ಮೇಲೆ ತೆರೆದು ಜನವರಿಯಲ್ಲಿ ಮುಚ್ಚುತ್ತಿದೆ, ಪರೀಕ್ಷೆ ಫೆಬ್ರವರಿಯಲ್ಲಿ. ಎನ್‌ಐಡಿಯ ಮೊದಲ ಸುತ್ತು ಡಿಸೆಂಬರ್ ಕೊನೆ ಅಥವಾ ಜನವರಿ ಆರಂಭದಲ್ಲಿ. ಬಿ.ಡೆಸ್ ಪ್ರವೇಶಕ್ಕೆ ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆ ಜನವರಿಯಲ್ಲಿ, ಅದಕ್ಕೆ ಅರ್ಜಿ ಅಕ್ಟೋಬರ್ ಸುಮಾರಿಗೆ. ಈ ಎಲ್ಲವೂ ಪಿಯುಸಿ ಪ್ರಾಕ್ಟಿಕಲ್, ಪ್ರಿಪರೇಟರಿಗಳ ಮಧ್ಯೆ ಬಂದು ಬೀಳುತ್ತವೆ. ಕಾಲೇಜಿನಲ್ಲಿ ಮೊದಲೇ ತಿಳಿಸಿಡಿ.

ನಿಫ್ಟ್ ಬಿ.ಡೆಸ್‌ಗೆ ಪಿಯುಸಿಯಲ್ಲಿ ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ನಡೆಯುತ್ತದೆ. ವಯಸ್ಸು ಪ್ರವೇಶದ ವರ್ಷದ ಆಗಸ್ಟ್ 1ಕ್ಕೆ 24 ತುಂಬಿರಬಾರದು. ಪರಿಶಿಷ್ಟರಿಗೆ, ಅಂಗವಿಕಲರಿಗೆ ಐದು ವರ್ಷ ಸಡಿಲಿಕೆ. ಕರಾವಳಿಯವರು ಕ್ಯಾಂಪಸ್ ಆಯ್ಕೆ ಮಾಡುವಾಗ ಬೆಂಗಳೂರನ್ನು ಮಾತ್ರ ಬರೆದು ಕೂರುತ್ತಾರೆ. ಕಣ್ಣೂರಿನ ನಿಫ್ಟ್ ಕ್ಯಾಂಪಸ್ ಮಂಗಳೂರಿನಿಂದ ರೈಲಿನಲ್ಲಿ ಮೂರು ಗಂಟೆಯೊಳಗಿನ ದಾರಿ, ಬೆಂಗಳೂರಿನ ಅರ್ಧದಷ್ಟೂ ದೂರವಿಲ್ಲ. ಅದನ್ನು ಪಟ್ಟಿಯಲ್ಲಿ ಇಡಿ.

ಹಂತ 4: ಪರೀಕ್ಷೆಗೆ ಕೈ ಪಳಗಿಸಿ

ನಿಫ್ಟ್ ಬಿ.ಡೆಸ್ ಅಂಕ ಹೀಗೆ ಹಂಚಿಹೋಗುತ್ತದೆ: ಸೃಜನಶೀಲತೆಯ ಪರೀಕ್ಷೆ ಕ್ಯಾಟ್‌ಗೆ ಶೇ 50, ಸಾಮಾನ್ಯ ಸಾಮರ್ಥ್ಯದ ಗ್ಯಾಟ್‌ಗೆ ಶೇ 30, ಕೈಯಲ್ಲಿ ಮಾದರಿ ಮಾಡುವ ಸಿಚುಯೇಷನ್ ಟೆಸ್ಟ್‌ಗೆ ಶೇ 20. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡ ಮಾಧ್ಯಮದ ಮಕ್ಕಳು ಚಿತ್ರಕ್ಕಿಂತ ಹೆಚ್ಚು ಎಡವುವುದು ಗ್ಯಾಟ್‌ನ ಇಂಗ್ಲಿಷ್ ಭಾಗದಲ್ಲಿ. ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆ ಓದುವುದನ್ನು ಅಷ್ಟಮಿಗೇ ಶುರುಮಾಡಿದರೆ ಫೆಬ್ರವರಿ ಹೊತ್ತಿಗೆ ಭಯ ಹೋಗಿರುತ್ತದೆ.

ಕ್ಯಾಟ್‌ಗೆ ಬೇಕಾದ ಸಾಮಾನು ಹೆಚ್ಚಿಲ್ಲ: 2ಬಿ, 4ಬಿ, 6ಬಿ ಪೆನ್ಸಿಲು, ಬಣ್ಣದ ಪೆನ್ಸಿಲು, ಪೋಸ್ಟರ್ ಕಲರ್, ಎ3 ಹಾಳೆ. ಉದ್ದ ಕಾಲಿನ, ಮುಖವಿಲ್ಲದ ಫ್ಯಾಷನ್ ಗೊಂಬೆಗಳನ್ನೇ ತಿದ್ದುತ್ತಾ ಕೂರುವುದು ಇಲ್ಲಿಯ ಸಾಮಾನ್ಯ ತಪ್ಪು. ನೋಡಿದ್ದನ್ನು ಬಿಡಿಸಲು ಕಲಿಯಿರಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಹೊರಟ ಸಿಟಿ ಬಸ್ಸಿನ ಒಳಗೆ ಕಂಬಿ ಹಿಡಿದ ಕೈಗಳು, ಮಲ್ಪೆ ಬಂದರಿನಲ್ಲಿ ಬುಟ್ಟಿ ಹೊತ್ತವರ ಸೊಂಟದ ಬಾಗು, ಅಂಗಡಿ ಮುಂದೆ ನೇತು ಹಾಕಿದ ಕೊಡೆಗಳು. ಜನಸಂದಣಿಯಲ್ಲಿ ಹತ್ತಿರದವರು ದೊಡ್ಡದು, ದೂರದವರು ಚಿಕ್ಕದು ಎಂಬ ಸರಳ ಲೆಕ್ಕ ಕೈಗೆ ಬಂದರೆ ಅರ್ಧ ಗೆದ್ದಂತೆ.

ಸಿಚುಯೇಷನ್ ಟೆಸ್ಟ್‌ನಲ್ಲಿ ಕೊಟ್ಟ ಸಾಮಗ್ರಿಯಿಂದಲೇ ಒಂದು ಮಾದರಿ ಕಟ್ಟಬೇಕು, ಹೆಚ್ಚುವರಿ ಏನೂ ಕೇಳುವಂತಿಲ್ಲ. ಇದಕ್ಕೆ ಮನೆ ಹಿತ್ತಲೇ ಒಳ್ಳೆಯ ಶಾಲೆ. ಒಂದು ಅಡಿಕೆ ಹಾಳೆ ತನ್ನಿ, ನೀರಲ್ಲಿ ನೆನೆಸಿ. ಹಳಬರು ಮುಟ್ಟಾಳೆಯನ್ನು (ಹಾಳೆಯ ಟೋಪಿ) ಹೇಗೆ ಮಡಚಿದ್ದಾರೆ, ಎಲ್ಲಿ ಹೊಲಿದಿದ್ದಾರೆ ಅನ್ನುವುದನ್ನು ಬಿಚ್ಚಿ ನೋಡಿ. ಚಪ್ಪಟೆಯಾದ ವಸ್ತು ತಲೆಯ ಉಬ್ಬಿಗೆ ಕೂರಲು ಎಲ್ಲಿ ಮಡಿಕೆ ಬೇಕು ಎಂಬುದೇ ಬ್ಲೌಸಿನ ಡಾರ್ಟ್‌ನ (ಮೈಗೆ ಕೂರಲು ಹೊಲಿಯುವ ಮಡಿಕೆ) ತರ್ಕವೂ. ಆಮೇಲೆ ಅದೇ ಮಡಿಕೆಯನ್ನು ದಪ್ಪ ಕಾಗದದಲ್ಲಿ, ತಂತಿಯಲ್ಲಿ, ದಾರದಲ್ಲಿ ಪ್ರಯತ್ನಿಸಿ.

ಹೆಚ್ಚಿನವರು ಎಲ್ಲವನ್ನೂ ಫೆವಿಕಾಲಿನ ಮೇಲೆ ಬಿಡುತ್ತಾರೆ. ನಮ್ಮ ಸೆಕೆಗೆ ಅದು ಬೇಗ ಒಣಗುವುದಿಲ್ಲ, ಸಮಯ ಮುಗಿಯುವಾಗ ಮಾದರಿ ಒಂದು ಕಡೆ ವಾಲಿರುತ್ತದೆ. ಕಾಗದಕ್ಕೆ ಗೀರು ಹಾಕಿ ಒಂದರೊಳಗೊಂದು ಸಿಕ್ಕಿಸುವುದು, ದಾರದಲ್ಲಿ ಬಿಗಿಯುವುದು ಕಲಿಯಿರಿ. ಮಾಡಿದ್ದನ್ನು ಮೇಜಿನ ಮೇಲಿಟ್ಟು ಫ್ಯಾನ್ ಹಾಕಿ. ಬಿದ್ದರೆ ಇನ್ನೊಂದು ಮಾಡಿ.

ಹಂತ 5: ಪೋರ್ಟ್‌ಫೋಲಿಯೊ ಬೇಕೇ, ಬೇಡವೇ?

ನಿಫ್ಟ್‌ನ ಪದವಿ ಪ್ರವೇಶಕ್ಕೆ ಪೋರ್ಟ್‌ಫೋಲಿಯೊ ಕೇಳುವುದಿಲ್ಲ. ಇದು ಗೊತ್ತಿಲ್ಲದೆ ಕೋಚಿಂಗ್ ಸೆಂಟರಿನ "ಪೋರ್ಟ್‌ಫೋಲಿಯೊ ಪ್ಯಾಕೇಜ್"ಗೆ ದುಡ್ಡು ಕಟ್ಟಿದವರಿದ್ದಾರೆ. ಹಲವು ಖಾಸಗಿ ಡಿಸೈನ್ ಕಾಲೇಜುಗಳು ಸಂದರ್ಶನದಲ್ಲಿ ಕೇಳುತ್ತವೆ. ನಿಮ್ಮ ಪಟ್ಟಿಯಲ್ಲಿ ಅಂಥವು ಇದ್ದರೆ ಮಾತ್ರ ಮಾಡಿ.

ಹದಿನೈದು ಪುಟ ಸಾಕು. ಕರಾವಳಿಯ ಮಕ್ಕಳ ಫೈಲು ತೆರೆದರೆ ಮೊದಲ ಪುಟದಲ್ಲಿ ಯಕ್ಷಗಾನದ ಕಿರೀಟ, ಎರಡನೆಯದರಲ್ಲಿ ಹುಲಿವೇಷ, ಮೂರನೆಯದರಲ್ಲಿ ನವಿಲುಗರಿಯ ಗೌನು. ನೋಡುವವರಿಗೆ ಸಾಕಾಗಿದೆ. ಯಕ್ಷಗಾನವನ್ನೇ ತೆಗೆದುಕೊಳ್ಳುವುದಾದರೆ ವೇಷ ಕಟ್ಟುವ ಚೌಕಿಗೆ ಹೋಗಿ, ತೆಂಕಿನ ಕಿರೀಟಕ್ಕೂ ಬಡಗಿನ ಮುಂಡಾಸಿಗೂ ಕಟ್ಟುವ ಕ್ರಮದಲ್ಲಿ ಏನು ವ್ಯತ್ಯಾಸ ಅನ್ನುವುದನ್ನು ಹಂತ ಹಂತವಾಗಿ ಬಿಡಿಸಿ. ಅದು ಅಧ್ಯಯನ. ಉಡುಪಿ ಸೀರೆಯನ್ನು ಆರಿಸಿಕೊಂಡರೆ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಅನುಮತಿ ಕೇಳಿ ಒಂದು ದಿನ ಮಗ್ಗದ ಪಕ್ಕ ಕೂರಿ. ಫೋಟೊ ಅಂಟಿಸಿ ಕೆಳಗೆ "ಪ್ರೇರಣೆ" ಅಂತ ಬರೆದರೆ, ಎಷ್ಟು ಕೌಂಟಿನ (ಅಂದರೆ ಎಷ್ಟು ಸಪೂರದ) ನೂಲು ಅನ್ನುವ ಒಂದೇ ಪ್ರಶ್ನೆಗೆ ಬಾಯಿ ಕಟ್ಟಿಹೋಗುತ್ತದೆ.

ಒಂದು ಉಡುಪನ್ನು ಮೊದಲಿಂದ ಕೊನೆವರೆಗೆ ತೋರಿಸಿ. ಅಮ್ಮನ ಹಳೆಯ ಹತ್ತಿ ಸೀರೆಯಿಂದ ಶರ್ಟ್ ಆಗುವುದಾದರೆ ಅಳತೆಯ ಚೀಟಿ, ಕಾಗದದ ಪ್ಯಾಟರ್ನು, ಅಗ್ಗದ ಬಟ್ಟೆಯಲ್ಲಿ ಹೊಲಿದ ಮೊದಲ ಪ್ರತಿ, ಅದರಲ್ಲಿ ತೋಳು ಯಾಕೆ ಎಳೆಯಿತು, ಕಂಕುಳ ಸುತ್ತಳತೆಯನ್ನು ಎಷ್ಟು ತಿದ್ದಿದಿರಿ, ಕೊನೆಗೆ ಯಾರಾದರೂ ತೊಟ್ಟ ಫೋಟೊ. ಬೇರೆಯವರು ಮಾಡಿಕೊಟ್ಟ ಫೈಲಿನಲ್ಲಿ ಈ ಸರಣಿ ಇರುವುದೇ ಇಲ್ಲ. ಸಂದರ್ಶನದವರು ಮೊದಲು ಹುಡುಕುವುದೂ ಅದನ್ನೇ.

ಇನ್ನೊಂದು ಮಾತು, ಮಳೆಗಾಲದ್ದು. ಆಟಿ ತಿಂಗಳಲ್ಲಿ ಬಿಡಿಸಿದ ಹಾಳೆಗೆ ಬೂಷ್ಟು ಹಿಡಿಯುತ್ತದೆ. ಬಿಡಿಸಿದ ವಾರದಲ್ಲೇ ಹಗಲು ಬೆಳಕಲ್ಲಿ ಫೋಟೊ ತೆಗೆದಿಡಿ, ಇಲ್ಲವೇ ಸ್ಕ್ಯಾನ್ ಮಾಡಿಸಿ.

ಹಂತ 6: ಕಾಲೇಜಿಗೆ ಹೋಗಿ, ಆದರೆ ಕ್ಲಾಸು ನಡೆಯುವ ದಿನ

ಓಪನ್ ಡೇಗೆ ಹೋದರೆ ಅಲಂಕಾರ ಕಾಣುತ್ತದೆ. ಮಾಮೂಲಿ ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ, ಹೊಲಿಗೆ ಲ್ಯಾಬ್ ತೋರಿಸಿ ಅನ್ನಿ. ಮಷೀನಿನ ಪ್ರೆಸ್ಸರ್ ಫುಟ್ ಸುತ್ತ ನೂಲಿನ ಧೂಳಿದೆಯೇ? ಕಟಿಂಗ್ ಮೇಜಿನ ಮೇಲೆ ಚಾಕಿನ ಗೆರೆ, ಕತ್ತರಿಯ ಗೀರು ಇದೆಯೇ? ಕಸದ ಬುಟ್ಟಿಯಲ್ಲಿ ಚಿಂದಿ ಬಟ್ಟೆ ಇದೆಯೇ? ಎಲ್ಲ ಮಷೀನಿಗೂ ಪ್ಲಾಸ್ಟಿಕ್ ಹೊದಿಕೆ ಇದ್ದು, ಉಡುಪು ತೊಡಿಸಿ ನೋಡುವ ಡ್ರೆಸ್ ಫಾರ್ಮ್ ಗೊಂಬೆಗಳ ಮೈಯಲ್ಲಿ ಒಂದೂ ಗುಂಡುಪಿನ್ನಿನ ತೂತು ಕಾಣದಿದ್ದರೆ ಅಲ್ಲಿ ಪಾಠ ಪಿಪಿಟಿಯಲ್ಲೇ ನಡೆಯುತ್ತಿದೆ ಎಂದು ತಿಳಿಯಿರಿ.

ಒಂದು ಬ್ಯಾಚಿಗೆ ಎಷ್ಟು ಮಕ್ಕಳು, ಎಷ್ಟು ಮಷೀನು, ಓವರ್‌ಲಾಕ್ ಎಷ್ಟು, ಸಂಜೆ ಲ್ಯಾಬ್ ತೆರೆದಿರುತ್ತದೆಯೇ ಕೇಳಿ. ಪ್ಯಾಟರ್ನ್ ಮೇಕಿಂಗ್ ಕಲಿಸುವವರು ಪೂರ್ಣಾವಧಿಯವರೋ, ವಾರಕ್ಕೊಮ್ಮೆ ಬಂದುಹೋಗುವವರೋ ಎಂದೂ ಕೇಳಿ. ಅಂತಿಮ ವರ್ಷದವರ ರೆಕಾರ್ಡ್ ಪುಸ್ತಕ ನೋಡಲು ಬಿಡದ ಕಾಲೇಜಿನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ.

"ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅನ್ನುವ ಬೋರ್ಡಿಗೆ ಬೆಲೆ ಕೊಡಬೇಡಿ. ಹಿಂದಿನ ಬ್ಯಾಚಿನವರು ಇಂಟರ್ನ್‌ಶಿಪ್ ಎಲ್ಲಿ ಮಾಡಿದರು ಅಂತ ಕೇಳಿ. ಬೆಂಗಳೂರಿನ ರಫ್ತು ಗಾರ್ಮೆಂಟ್ಸ್, ತಿರುಪ್ಪೂರಿನ ನಿಟ್‌ವೇರ್ ಕಂಪನಿಗಳಿಗೆ ಮಕ್ಕಳು ಹೋಗಿದ್ದರೆ ಅದು ಸಂಪರ್ಕ ಇರುವ ಕಾಲೇಜು. ಎಲ್ಲರೂ ಪ್ರಾಂಶುಪಾಲರ ಪರಿಚಯದ ಬೊಟಿಕ್‌ಗೇ ಹೋಗಿದ್ದರೆ ಇನ್ನೊಮ್ಮೆ ಯೋಚಿಸಿ. ಗೇಟಿನ ಹೊರಗೆ ಚಾ ಕುಡಿಯುವ ಮೂರನೇ ವರ್ಷದ ಮಕ್ಕಳನ್ನು ಮಾತಾಡಿಸಿದರೆ ಕೌನ್ಸೆಲರ್ ಹೇಳದ್ದೆಲ್ಲ ಗೊತ್ತಾಗುತ್ತದೆ.

ಹಂತ 7: ದುಡ್ಡಿನ ಲೆಕ್ಕ

ಬ್ರೋಷರಿನ ಫೀಸಿನಲ್ಲಿ ಬಟ್ಟೆ ಇಲ್ಲ, ಬಣ್ಣ ಇಲ್ಲ, ಪ್ರಿಂಟ್ ಇಲ್ಲ, ಟೂರ್ ಇಲ್ಲ. 3ಡಿ ಸಾಫ್ಟ್‌ವೇರ್ ಓಡಲು ಕನಿಷ್ಠ 16 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಬೇಕಾಗುತ್ತದೆ. ಕೊನೆಯ ವರ್ಷದ ಕಲೆಕ್ಷನ್‌ಗೆ ಬಟ್ಟೆ, ಮಾಡೆಲ್, ಫೋಟೊ, ಶೋ ಖರ್ಚು ಒಟ್ಟಿಗೆ ಬರುತ್ತದೆ. ಇದನ್ನೆಲ್ಲ ಸೇರಿಸಿ ವರ್ಷವಾರು ಬರೆದು ಕೊಡಲು ಕೇಳಿ.

ಶಿಕ್ಷಣ ಸಾಲ 4 ಲಕ್ಷದವರೆಗೆ ಆಸ್ತಿ ಅಡವಿಲ್ಲದೆ ಸಿಗಬೇಕು. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಮಾನ್ಯತೆ ಇಲ್ಲದ ಸಂಸ್ಥೆಗೆ ಸೇರಿದವರು ಅದರಲ್ಲಿ ಕಾಲೇಜಿನ ಹೆಸರನ್ನೇ ಹುಡುಕಿ ಸುಸ್ತಾಗುತ್ತಾರೆ.

ಹಂತ 8: ಅರ್ಜಿ ತುಂಬುವುದು

ಹೆಸರು ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ. ನಮ್ಮ ಕಡೆ ಇದು ದೊಡ್ಡ ತಲೆನೋವು: ಆಧಾರ್‌ನಲ್ಲಿ ಶೆಟ್ಟಿ, ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಡಿಸೋಜದ ಮೇಲಿನ ಚುಕ್ಕೆ ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ. ತಿದ್ದಿಸುವುದಿದ್ದರೆ ದಸರಾ ರಜೆಯಲ್ಲೇ ಆಧಾರ್ ಕೇಂದ್ರಕ್ಕೆ ಹೋಗಿ.

ಇಮೇಲ್ ಮತ್ತು ಮೊಬೈಲ್ ನಂಬರ್ ನಿಮ್ಮದೇ ಇರಲಿ. ಸೈಬರಿನವರ ಇಮೇಲ್ ಹಾಕಿದರೆ ಹಾಲ್ ಟಿಕೆಟ್ ಮಾಹಿತಿ ಅವರಿಗೆ ಹೋಗುತ್ತದೆ, ಅವರು ನಿಮ್ಮನ್ನು ಮರೆತಿರುತ್ತಾರೆ.

ಮೀಸಲಾತಿ ಪ್ರಮಾಣಪತ್ರದಲ್ಲಿ ಅತಿ ಹೆಚ್ಚು ಅರ್ಜಿಗಳು ಸಿಕ್ಕಿಹಾಕಿಕೊಳ್ಳುತ್ತವೆ. ನಿಫ್ಟ್, ಎನ್‌ಐಡಿ ಕೇಂದ್ರದ ಸಂಸ್ಥೆಗಳು. ನಾಡಕಚೇರಿಯಲ್ಲಿ ಮಾಮೂಲಾಗಿ ಸಿಗುವ 2ಎ, 3ಬಿ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ಕೆನೆಪದರವಲ್ಲದ ಪ್ರಮಾಣಪತ್ರ ಬೇಕು, ಅದಕ್ಕೆ ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲೂ ಇರಬೇಕು. ರಾಜ್ಯದ ಪಟ್ಟಿಯಲ್ಲಿ ಇರುವವರೆಲ್ಲ ಅಲ್ಲಿಲ್ಲ. ಪ್ರಕಟಣೆಯಲ್ಲಿ ಕೊಟ್ಟ ನಮೂನೆಯನ್ನೇ ಪ್ರಿಂಟ್ ತೆಗೆದು ತಹಶೀಲ್ದಾರ್ ಕಚೇರಿಗೆ ಒಯ್ಯಿರಿ, ಯಾವ ದಿನಾಂಕದ ನಂತರದ್ದು ಬೇಕು ಎಂದು ಕೇಳಿದ್ದಾರೆ ನೋಡಿಕೊಳ್ಳಿ.

ಹಂತ 9: ಸೀಟು ಸಿಕ್ಕ ಮೇಲೆ

ಕೌನ್ಸೆಲಿಂಗ್, ವರದಿ ಮಾಡಿಕೊಳ್ಳುವ ದಿನಗಳು ಜೂನ್, ಜುಲೈಗೆ ಬಂದರೆ ಬೆಂಗಳೂರಿಗೆ ಒಂದು ದಿನ ಮೊದಲೇ ಹೊರಡಿ. ಶಿರಾಡಿಯಲ್ಲಿ ಗುಡ್ಡ ಜರಿದರೆ ಬಸ್ಸು ಎಲ್ಲಿ ನಿಲ್ಲುತ್ತದೆ ಹೇಳಲಾಗದು.

ಎರಡು ಕಡೆ ಸೀಟು ಸಿಕ್ಕಾಗ ಜನ ಹೆದರುವುದು ಕಟ್ಟಿದ ಫೀಸಿಗೆ. ಯುಜಿಸಿಯ 2018ರ ಅಧಿಸೂಚನೆ ಪ್ರಕಾರ, ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲೇ ಬಿಟ್ಟರೆ ಪೂರ್ತಿ ಫೀಸು ವಾಪಸ್. ಪ್ರಕ್ರಿಯೆ ಶುಲ್ಕವೆಂದು ಶೇ 5, ಹೆಚ್ಚೆಂದರೆ 5,000 ರೂಪಾಯಿ ಹಿಡಿಯಬಹುದು. ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಇದ್ದರೆ ಶೇ 90. ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50, ಅದರ ನಂತರ ಏನೂ ಇಲ್ಲ. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾದ ಗಡುವು ಕೊಟ್ಟದ್ದಿದೆ, ಆ ವರ್ಷದ ಸುತ್ತೋಲೆ ನೋಡಿ. ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ. ತೋರಿಸಿ, ಪರಿಶೀಲನೆ ಆದ ಮೇಲೆ ಕೈಗೆ ತೆಗೆದುಕೊಳ್ಳಿ.

ಈ ನಿಯಮ ವಿಶ್ವವಿದ್ಯಾಲಯ ಮತ್ತು ಅದರ ಕಾಲೇಜುಗಳಿಗೆ. ಹಂತ 2ರಲ್ಲಿ ಹೇಳಿದ ಇನ್‌ಸ್ಟಿಟ್ಯೂಟ್‌ಗಳಿಗೆ ಕಟ್ಟಿದ ಮುಂಗಡಕ್ಕೆ ಇದು ಆಸರೆಯಾಗುವುದಿಲ್ಲ. ಸೀಟು ಬಿಡುವುದನ್ನು ಬಾಯಲ್ಲಿ ಹೇಳಿ ಬರಬೇಡಿ. ಅರ್ಜಿ ಬರೆದು ಎರಡು ಪ್ರತಿ ಮಾಡಿ, ಒಂದನ್ನು ಆಫೀಸಿಗೆ ಕೊಟ್ಟು ಇನ್ನೊಂದರ ಮೇಲೆ ದಿನಾಂಕದ ಸಮೇತ ಸೀಲ್ ಹಾಕಿಸಿಕೊಳ್ಳಿ. ಸೀಲ್ ಹಾಕಲು ಒಪ್ಪದಿದ್ದರೆ ಅದೇ ದಿನ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಇಮೇಲನ್ನೂ ಮಾಡಿ.